ಹೆಸರಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ಅದರ 100 ವೋಲ್ಟ್ ತಂತಿ

ಗುಜರಿಯಲ್ಲಿ ಸಿಕ್ಕ ವಾಲ್ವ್ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ವಾಲ್ವ್‌ಗೂ ಸ್ಪೀಕರಿಗೂ ನಡುವೆ ಕೂರುವ ಟ್ರಾನ್ಸ್‌ಫಾರ್ಮರ್) ಹಿಡಿದುಕೊಂಡು ಬಂದು, ಇದು ಎಷ್ಟು ಓಮ್‌ನದು ಎಂದು ಕೇಳುವ ಗೆಳೆಯರು ಹುಬ್ಬಳ್ಳಿ-ಧಾರವಾಡದಲ್ಲಿ ಈಗಲೂ ಇದ್ದಾರೆ. ಅವರಿಗೆ ನಾನು ಮೊದಲು ಹೇಳುವುದೇನೆಂದರೆ, ಟ್ರಾನ್ಸ್‌ಫಾರ್ಮರ್‌ಗೆ ತನ್ನದೇ ಎನ್ನುವ ಇಂಪಿಡೆನ್ಸ್ (ಎಸಿ ಪ್ರವಾಹಕ್ಕೆ ಒಡ್ಡುವ ತಡೆ, ಅದರ ಅಳತೆ ಓಮ್) ಇಲ್ಲ, ಅದರೊಳಗೆ ಇರುವುದು ಸುತ್ತುಗಳ ಅನುಪಾತ ಮಾತ್ರ. ಸನ್ನೆಗೋಲು ಎಷ್ಟು ಭಾರ ಎತ್ತುತ್ತದೆ ಎಂಬುದು ಆ ತುದಿಯಲ್ಲಿ ಏನಿದೆ, ಈ ತುದಿಯಲ್ಲಿ ಯಾರಿದ್ದಾರೆ ಎಂಬುದನ್ನು ಅವಲಂಬಿಸಿರುವಂತೆಯೇ ಇದು. ಒಂದು ಕಡೆಯ ಓಮ್ ಇನ್ನೊಂದು ಕಡೆಗೆ ಅನುಪಾತದ ವರ್ಗದಷ್ಟು ಪಟ್ಟು ಕಾಣುತ್ತದೆ. ಅನುಪಾತ 30ಕ್ಕೆ 1 ಇದ್ದರೆ ಅದರ ವರ್ಗ 900. ಆ ಕಡೆ 8 ಓಮ್ ಸ್ಪೀಕರ್ ಕಟ್ಟಿದರೆ ವಾಲ್ವ್‌ನ ಆನೋಡಿಗೆ (ಔಟ್‌ಪುಟ್ ಹೊರಬರುವ ತುದಿಗೆ) 7200 ಓಮ್ ಕಾಣುತ್ತದೆ, 4 ಓಮ್ ಸ್ಪೀಕರ್ ಕಟ್ಟಿದರೆ 3600 ಓಮ್ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಅದೇ, ಓಮ್ ಬೇರೆ. ಆದ್ದರಿಂದ ಅನುಪಾತವನ್ನು ಅಳೆಯುವುದು ಅರ್ಧ ಕೆಲಸ. ಅದನ್ನು ಸುತ್ತಿದವರು ಯಾವ ಸ್ಪೀಕರ್ ಮತ್ತು ಯಾವ ವಾಲ್ವ್ ಮನಸ್ಸಿನಲ್ಲಿಟ್ಟುಕೊಂಡು ಸುತ್ತಿದರು ಎಂಬುದನ್ನು ಕಬ್ಬಿಣ, ತಾಮ್ರ ಮತ್ತು ಟ್ಯಾಪಿಂಗ್‌ಗಳಿಂದ (ಸುರುಳಿಯ ನಡುನಡುವಿನಿಂದ ಹೊರತೆಗೆದ ತಂತಿಗಳಿಂದ) ಓದಿ ತೆಗೆಯುವುದು ಉಳಿದರ್ಧ. ನನ್ನ ಮಟ್ಟಿಗೆ ಹೆಚ್ಚು ಸಂತೋಷ ಕೊಡುವುದು ಈ ಎರಡನೆಯ ಭಾಗವೇ.

ಇಲ್ಲಿ ವಿವರಿಸುತ್ತಿರುವ ಟ್ರಾನ್ಸ್‌ಫಾರ್ಮರ್ ಗದಗದ ಬೆಟಗೇರಿಯ ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿದ್ದು. ಜಾತ್ರೆ, ಮದುವೆ, ನಾಟಕಗಳಿಗೆ ಬಾಡಿಗೆಗೆ ಹೋಗುತ್ತಿದ್ದ ಹಳೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಅದು. ವಾಲ್ವ್‌ಗಳು ಇರಲಿಲ್ಲ, ಹೆಸರಿನ ಫಲಕವೂ ಇರಲಿಲ್ಲ, ಚಾಸಿಯ ಅರ್ಧ ಭಾಗ ತುಕ್ಕು ತಿಂದಿತ್ತು. ಅಂಗಡಿಯವರು ಹೇಳಿದ್ದು ಇಷ್ಟು: “ತಾಮ್ರ ಬ್ಯಾರೆ, ತಗಡು ಬ್ಯಾರೆ ಮಾಡಿ ತೂಗ್ತೇವ್ರಿ ಸರ. ಇನ್ನೂ ಒಡದಿಲ್ಲ, ಹಂಗ ಬೇಕಂದ್ರ ಹಂಗ ಒಯ್ರಿ.” ತಾಮ್ರದ ಬೆಲೆಗಾಗಿ ಇಂಥ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳು ನಮ್ಮ ಊರುಗಳಲ್ಲಿ ಒಡೆದು ಹೋಗುತ್ತಿವೆ. ಒಳ್ಳೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂದನ್ನು ಇಂದು ಹೊಸದಾಗಿ ಸುತ್ತಿಸುವುದು ದುಬಾರಿ, ಸುತ್ತಬಲ್ಲ ಕೈಗಳೂ ಕಡಿಮೆ. ಹೀಗಾಗಿ ಸಿಕ್ಕಿದ್ದನ್ನು ಗುರುತಿಸಿ ಉಳಿಸಿಕೊಳ್ಳುವ ವಿದ್ಯೆಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಮೀಟರ್ ಹಚ್ಚುವ ಮೊದಲು ಕಣ್ಣಿನಿಂದ ನೋಡಬೇಕಾದದ್ದು ಸ್ಟ್ಯಾಂಪಿಂಗ್, ಅಂದರೆ ಕಬ್ಬಿಣದ ತಗಡುಗಳ ಜೋಡಣೆ. ಇಂಗ್ಲಿಷಿನ E ಆಕಾರದ ತಗಡುಗಳೆಲ್ಲ ಒಂದೇ ದಿಕ್ಕಿಗೆ ನಿಂತು, I ಆಕಾರದ ತಗಡುಗಳ ಕಟ್ಟು ಬೇರೆಯಾಗಿ, ನಡುವೆ ಒಂದು ತೆಳುವಾದ ಕಾಗದ ಇದ್ದರೆ ಅದು ಒಂದೇ ವಾಲ್ವ್‌ನ ಸಿಂಗಲ್ ಎಂಡೆಡ್ ಔಟ್‌ಪುಟ್‌ಗೆ ಮಾಡಿದ್ದು. ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿಯಲ್ಲಿ) ಸದಾ ಹರಿಯುವ ಡಿಸಿ ಪ್ರವಾಹದ ಕಾಂತತ್ವದಿಂದ ಕಬ್ಬಿಣ ತುಂಬಿಹೋಗದಿರಲಿ ಎಂದು ಆ ಅಂತರ ಬಿಟ್ಟಿರುತ್ತಾರೆ. ಹಳೆಯ ವಾಲ್ವ್ ರೇಡಿಯೊಗಳಲ್ಲಿ ಇರುವುದು ಬಹುತೇಕ ಇದೇ ಜಾತಿ. ತಗಡುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಹೆಣೆದಿದ್ದರೆ ಅದು ಎರಡು ವಾಲ್ವ್‌ಗಳ ಪುಶ್‌ಪುಲ್ ಟ್ರಾನ್ಸ್‌ಫಾರ್ಮರ್. ನನ್ನದು ಎರಡನೆಯ ಬಗೆಯದು. ನಡುವಿನ ಕಾಲಿನ ಅಗಲ 25 ಮಿಲಿಮೀಟರ್, ತಗಡಿನ ಕಟ್ಟಿನ ದಪ್ಪ 32 ಮಿಲಿಮೀಟರ್. ಅಂದರೆ ಕಬ್ಬಿಣದ ಅಡ್ಡಕೊಯ್ತ 8 ಚದರ ಸೆಂಟಿಮೀಟರ್. ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು, ಮುಂದೆ ಅದೇ ಸಾಕ್ಷಿ ನುಡಿಯುತ್ತದೆ.

ಒಂದು ಬದಿಯಿಂದ ಮೂರು ತೆಳ್ಳನೆಯ ತಂತಿಗಳು, ಇನ್ನೊಂದು ಬದಿಯಿಂದ ಐದು ತಂತಿಗಳು ಹೊರಬಂದಿದ್ದವು. ಹತ್ತಿಯ ಸ್ಲೀವುಗಳ ಬಣ್ಣ ಮಾಸಿ ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದರಿಂದ ಬಣ್ಣವನ್ನು ನಂಬುವ ಪ್ರಶ್ನೆ ಇರಲಿಲ್ಲ. ಮೂರು ತಂತಿಗಳ ಕಡೆ ಓಮ್ ನೋಡಿದಾಗ ನಡುವಿನಿಂದ ಒಂದು ತುದಿಗೆ 118, ಇನ್ನೊಂದು ತುದಿಗೆ 134, ತುದಿಯಿಂದ ತುದಿಗೆ 252 ಓಮ್ ಬಂತು. ಎರಡು ಅರ್ಧಗಳು ಸಮ ಇಲ್ಲವಲ್ಲ, ಸುತ್ತು ಕಟ್ಟಾಗಿದೆಯೇ ಎಂದು ಹಲವರು ಇಲ್ಲಿಯೇ ಕೈಬಿಡುತ್ತಾರೆ. ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಮಾಡುವ ಗದಗಿನ ಗೆಳೆಯ ಅದಕ್ಕೆ ಕೊಟ್ಟ ಉತ್ತರಕ್ಕಿಂತ ಚೆನ್ನಾಗಿ ಹೇಳಲಾಗದು: “ಅಣ್ಣಾ, ಒಳಗಿನ ಸುತ್ತು ಸಣ್ಣದು, ತಂತಿ ಕಡಿಮಿ ಹಿಡಿತದ. ಹೊರಗಿನ ಸುತ್ತು ದೊಡ್ಡದು, ತಂತಿ ಜಾಸ್ತಿ ಹೋಗ್ತದ. ಎಣಿಸಿದ್ರ ಎರಡೂ ಕಡೆ ಸುತ್ತು ಅಷ್ಟ ಇರ್ತಾವ.” ಸುತ್ತುಗಳು ಸಮ ಇವೆಯೇ ಎಂಬುದನ್ನು ಓಮ್ ಹೇಳುವುದಿಲ್ಲ, ಎಸಿ ವೋಲ್ಟೇಜ್ ಹೇಳುತ್ತದೆ. ಅಂದಹಾಗೆ, ಮುಳ್ಳಿನ ಮಲ್ಟಿಮೀಟರ್‌ನಿಂದ ಪ್ರೈಮರಿಯ ಓಮ್ ನೋಡುವಾಗ ಎರಡೂ ತುದಿಗಳನ್ನು ಬರಿಗೈಯಲ್ಲಿ ಹಿಡಿಯಬಾರದು. ಮೀಟರ್ ತೆಗೆಯುವ ಕ್ಷಣದಲ್ಲಿ ಸುರುಳಿ ಚುರುಕಾದ ಹೊಡೆತ ಕೊಡುತ್ತದೆ.

ಅದೇ ಗೆಳೆಯನ ಅಂಗಡಿಯಲ್ಲಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇದೆ. ಪ್ರೈಮರಿಗೂ ಸೆಕೆಂಡರಿಗೂ (ಸ್ಪೀಕರ್ ಕಡೆಯ ಸುರುಳಿಗೂ), ಪ್ರೈಮರಿಗೂ ಕಬ್ಬಿಣಕ್ಕೂ ನಡುವೆ ಅದು ಮೊದಲು ಬರಿ 8 ಮೆಗಾಓಮ್ ತೋರಿಸಿತು. ಹಳೆಯ ಕಾಗದ ಮಳೆಗಾಲದ ತೇವ ಹೀರಿಕೊಂಡಿರುತ್ತದೆ. ತಗಡಿನ ಡಬ್ಬಿಯೊಳಗೆ 60 ವ್ಯಾಟ್ ಬಲ್ಬ್ ಹಚ್ಚಿ, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ರಾತ್ರಿಯಿಡೀ ಒಣಗಿಸಿದ ಮೇಲೆ ಅಂಕಿ 200 ಮೆಗಾಓಮ್ ದಾಟಿತು. ಒಳಗೆ ಲೆದರಾಯ್ಡ್ ಎಂಬ ನಿರೋಧಕ ಕಾಗದ ಸುಟ್ಟಿದ್ದರೆ ಹೀಗೆ ಏರುವುದಿಲ್ಲ.

ಇನ್ನು ಅನುಪಾತ. 230 ವೋಲ್ಟ್ ಲೈನನ್ನು ನೇರವಾಗಿ ಪ್ರೈಮರಿಗೆ ಕೊಟ್ಟು ಸೆಕೆಂಡರಿ ಅಳೆಯುವ ರೂಢಿ ಉಂಟು; ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ತಂತಿಗಳ ಗುರುತು ಸಿಗದ ವಸ್ತುವಿನಲ್ಲಿ ಪ್ರೈಮರಿ ಎಂದು ತಿಳಿದು ಸೆಕೆಂಡರಿಗೆ ಲೈನ್ ಕೊಟ್ಟರೆ ಆ ಕಡೆ ಸಾವಿರಾರು ವೋಲ್ಟ್ ಎದ್ದು ನಿಲ್ಲುತ್ತದೆ. 12-0-12ರ ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಒಂದರ ಎರಡು ತುದಿಗಳಿಂದ ಸಿಗುವ 24 ವೋಲ್ಟ್ ಸಾಕು, ಅದನ್ನು ಹೆಚ್ಚು ಓಮ್ ತೋರಿಸಿದ ಕಡೆಗೆ ಮಾತ್ರ ಕೊಡಬೇಕು. ಇಷ್ಟು ಕಡಿಮೆ ವೋಲ್ಟೇಜನ್ನೂ ಸೆಕೆಂಡರಿಯ 16 ಓಮ್ ತುದಿಗೆ ಕೊಟ್ಟರೆ ಪ್ರೈಮರಿಯಲ್ಲಿ 500 ವೋಲ್ಟ್ ಬರುತ್ತದೆ ಎಂಬುದು ನೆನಪಿರಲಿ. ಮೀಟರ್ ವಿಷಯದಲ್ಲಿಯೂ ಒಂದು ಮಾತು: ಅಗ್ಗದ ಡಿಜಿಟಲ್ ಮಲ್ಟಿಮೀಟರ್‌ಗಳಲ್ಲಿ ಎಸಿಯ ಅತಿ ಕೆಳಗಿನ ರೇಂಜೇ 200 ವೋಲ್ಟ್, ಅದರಲ್ಲಿ ಅರ್ಧ ವೋಲ್ಟಿನ ಸುತ್ತಲಿನ ಅಂಕಿಗಳನ್ನು ಓದಲಾಗುವುದಿಲ್ಲ. 2 ವೋಲ್ಟ್ ಎಸಿ ರೇಂಜ್ ಇರುವ ಮೀಟರನ್ನು ಕಡ ತಂದಾದರೂ ಅಳೆಯಬೇಕು. 50 ಹರ್ಟ್ಸ್‌ನಲ್ಲಿ ಅಳೆಯುವುದಕ್ಕೆ ಸಂಕೋಚ ಬೇಡ. ಇಷ್ಟು ದೊಡ್ಡ ಪುಶ್‌ಪುಲ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಅದರಿಂದ ಬರುವ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು.

ಪ್ರೈಮರಿಯ ತುದಿಯಿಂದ ತುದಿಗೆ 24.6 ವೋಲ್ಟ್ ನಿಂತಿತು, ನಡುವಿನ ತಂತಿಯಿಂದ ಆಚೆ ಈಚೆ 12.3 ಮತ್ತು 12.3. ಎರಡೂ ಅರ್ಧಗಳ ಸುತ್ತು ಸಮ ಎಂಬುದು ಅಲ್ಲಿಗೆ ಖಚಿತವಾಯಿತು. ಸೆಕೆಂಡರಿಯ ಐದು ತಂತಿಗಳಲ್ಲಿ ಅತಿ ಹೆಚ್ಚು ವೋಲ್ಟೇಜ್ ತೋರಿಸುವ ಜೋಡಿಯೇ ಎರಡು ಕೊನೆಗಳು. ಅವೆರಡರಲ್ಲಿ ದಪ್ಪ ತಂತಿಯ ಕೊನೆ ಕಾಮನ್, ಅಂದರೆ ಎಲ್ಲ ಟ್ಯಾಪಿಂಗ್‌ಗಳಿಗೂ ಸಮಾನವಾದ ತುದಿ. ಅಲ್ಲಿಂದ ಉಳಿದ ನಾಲ್ಕಕ್ಕೆ ಕ್ರಮವಾಗಿ 0.61, 0.86, 1.21 ಮತ್ತು 5.53 ವೋಲ್ಟ್ ಬಂತು. ಮೊದಲ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ: 1, 1.41, 2ರ ಪ್ರಮಾಣ. ವರ್ಗ ಮಾಡಿದರೆ 1, 2, 4. ಅಂದರೆ ಪ್ರತಿ ಟ್ಯಾಪಿಂಗ್‌ನ ಓಮ್ ಹಿಂದಿನದರ ಎರಡರಷ್ಟು, ಆದ್ದರಿಂದ ಸದ್ಯಕ್ಕೆ ಇವು 4, 8, 16 ಓಮ್‌ಗಳೆಂದು ಹಿಡಿಯೋಣ. ಬೇರೆ ಕೊನೆಯಿಂದ ಅಳೆಯಲು ತೊಡಗಿದ್ದರೆ 4.32, 4.67, 4.92 ಎಂಬಂತೆ ಯಾವ ಹೊಂದಿಕೆಯೂ ಇಲ್ಲದ ಅಂಕಿಗಳು ಬರುತ್ತಿದ್ದವು. ಕಾಮನ್ ಯಾವುದು ಎಂಬುದಕ್ಕೆ ಅದೂ ಒಂದು ಪರೀಕ್ಷೆ.

ಈಗ ಲೆಕ್ಕ ಸರಳ. 24.6ನ್ನು 1.21ರಿಂದ ಭಾಗಿಸಿದರೆ 20.3, ಅದರ ವರ್ಗ 413, ಅದನ್ನು 16ರಿಂದ ಗುಣಿಸಿದರೆ ಸುಮಾರು 6600 ಓಮ್. 8 ಓಮ್ ಟ್ಯಾಪಿಂಗ್‌ನಿಂದ 6550, 4 ಓಮ್ ಟ್ಯಾಪಿಂಗ್‌ನಿಂದ 6500 ಬಂತು. ಈ ಸಣ್ಣ ಏರುಪೇರು ಟ್ರಾನ್ಸ್‌ಫಾರ್ಮರ್‌ನದಲ್ಲ, ಮೀಟರಿನ ಕೊನೆಯ ಅಂಕಿಯದು: 0.61ರಲ್ಲಿ 0.01 ತಪ್ಪಿದರೆ ವೋಲ್ಟೇಜಿನಲ್ಲಿ ಶೇಕಡಾ 1.6ರ ವ್ಯತ್ಯಾಸ, ವರ್ಗ ಮಾಡಿದಾಗ ಅದು ಶೇಕಡಾ 3ನ್ನು ದಾಟುತ್ತದೆ. ಹೀಗಾಗಿ ಇರುವುದರಲ್ಲಿ ದೊಡ್ಡ ಅಂಕಿಯಿಂದ ಬಂದ ಫಲಿತಾಂಶವನ್ನೇ ಇಟ್ಟುಕೊಳ್ಳಬೇಕು. ಆನೋಡಿನಿಂದ ಆನೋಡಿಗೆ 6600 ಓಮ್ ಎಂದರೆ ನಡುವಿನ ತಂತಿಯಿಂದ ಒಂದು ಆನೋಡಿಗೆ 3300 ಅಲ್ಲ, 1650. ಸುತ್ತು ಅರ್ಧವಾದರೆ ಓಮ್ ಕಾಲುಭಾಗ ಆಗುತ್ತದೆ.

ಆದರೆ 1, 2, 4ರ ಪ್ರಮಾಣಕ್ಕೆ 2, 4, 8 ಓಮ್‌ಗಳೂ ಹೊಂದುತ್ತವೆ. ಆಗ ಆನೋಡುಗಳ ನಡುವೆ 3300 ಓಮ್ ಆಗುತ್ತದೆ, ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಎಲ್34 ಎಂಬ ಔಟ್‌ಪುಟ್ ವಾಲ್ವ್‌ಗಳ ಜೋಡಿಗೆ ತಯಾರಕರ ಡೇಟಾಶೀಟ್ ಹೇಳುವ 3400 ಓಮ್‌ಗೆ ಅದು ಬಹಳ ಸಮೀಪ. 6600 ಎಂಬುದು 6ಎಲ್6 ಎಂಬ ಇನ್ನೊಂದು ವಾಲ್ವ್ ಜೋಡಿಯ ಡೇಟಾಶೀಟಿನಲ್ಲಿ 360 ವೋಲ್ಟ್ ಎಚ್‌ಟಿಗೆ (ಆನೋಡುಗಳಿಗೆ ಉಣಿಸುವ ಡಿಸಿ ವೋಲ್ಟೇಜಿಗೆ), 26.5 ವ್ಯಾಟ್‌ಗೆ ಕೊಟ್ಟಿರುವ ಅಂಕಿ. ಎರಡೂ ನಂಬುವಂಥವೇ. ಇಲ್ಲಿ ತೀರ್ಪು ಕೊಟ್ಟದ್ದು ನಾಲ್ಕನೆಯ ತಂತಿ.

ಮೈಕ್ ಸೆಟ್ಟಿನ ಆಂಪ್ಲಿಫೈಯರ್‌ಗಳಲ್ಲಿ 100 ವೋಲ್ಟ್ ಲೈನ್ ಎಂಬ ಔಟ್‌ಪುಟ್ ಇರುತ್ತದೆ. ಜಾತ್ರೆಯಲ್ಲಿ ಗುಡಿಯ ಮುಂದಿನಿಂದ ಊರ ಬಾಗಿಲವರೆಗೆ ಹಾರ್ನ್‌ಗಳನ್ನು ಕಟ್ಟಬೇಕಾದಾಗ 8 ಓಮ್‌ನಲ್ಲಿ 30 ವ್ಯಾಟ್ ಕಳಿಸಿದರೆ ತಂತಿಯಲ್ಲಿ ಹೆಚ್ಚುಕಡಿಮೆ 2 ಆಂಪಿಯರ್ ಹರಿಯುತ್ತದೆ, ತೆಳ್ಳನೆಯ ತಂತಿಯಲ್ಲಿ ಬಹುಪಾಲು ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ಅದೇ ಶಕ್ತಿಯನ್ನು 100 ವೋಲ್ಟ್‌ನಲ್ಲಿ ಕಳಿಸಿದರೆ 0.3 ಆಂಪಿಯರ್ ಸಾಕು. ಪ್ರತಿ ಹಾರ್ನಿನ ಬಳಿ ಚಿಕ್ಕದೊಂದು ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಇಳಿಸುತ್ತದೆ. ಆಂಪ್ಲಿಫೈಯರ್ ಪೂರ್ಣ ಶಕ್ತಿ ಕೊಡುವಾಗ ಆ ತುದಿಯಲ್ಲಿ 100 ವೋಲ್ಟ್ ಇರಬೇಕು ಎಂಬುದೇ ಇದರ ವ್ಯಾಖ್ಯೆ. 5.53 ವೋಲ್ಟ್ ತೋರಿಸಿದ ತಂತಿ ಇದೇ ಎಂದು ಒಪ್ಪಿದರೆ ಟ್ರಾನ್ಸ್‌ಫಾರ್ಮರ್ ತನ್ನ ಕಥೆಯನ್ನು ತಾನೇ ಹೇಳತೊಡಗುತ್ತದೆ. 24.6ನ್ನು 5.53ರಿಂದ ಭಾಗಿಸಿದರೆ 4.45; ಆದ್ದರಿಂದ ಲೈನಿನಲ್ಲಿ 100 ವೋಲ್ಟ್ ಇರುವಾಗ ಆನೋಡುಗಳ ನಡುವೆ 445 ವೋಲ್ಟ್ ಇರುತ್ತದೆ. ಅದರ ಶಿಖರ ಸುಮಾರು 630, ಒಂದೊಂದು ಆನೋಡಿನ ಪಾಲಿಗೆ 315 ವೋಲ್ಟಿನ ಇಳಿತ. ವಾಲ್ವ್ ಪೂರ್ತಿ ತೆರೆದಾಗಲೂ ಅದರ ಮೇಲೆ 50-60 ವೋಲ್ಟ್ ಉಳಿಯುವುದರಿಂದ, ಈ ಟ್ರಾನ್ಸ್‌ಫಾರ್ಮರನ್ನು ಸುತ್ತಿದವರು 370 ವೋಲ್ಟಿನ ಆಸುಪಾಸಿನ ಎಚ್‌ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅನುಪಾತ ಮಾತ್ರ ಗೊತ್ತಿದ್ದರೆ ಈ ಅಂಕಿ ಎಂದಿಗೂ ಸಿಗುತ್ತಿರಲಿಲ್ಲ.

ವ್ಯಾಟ್ ಕೂಡ ಇದರಿಂದಲೇ ಬರುತ್ತದೆ. 445ರ ವರ್ಗವನ್ನು 6600ರಿಂದ ಭಾಗಿಸಿದರೆ 30 ವ್ಯಾಟ್. 3300ರಿಂದ ಭಾಗಿಸಿದರೆ 60 ವ್ಯಾಟ್. 370 ವೋಲ್ಟಿನಲ್ಲಿ ಇಎಲ್34 ಜೋಡಿ ಕೊಡುವುದು 35 ವ್ಯಾಟಿನ ಸುತ್ತ, 60 ವ್ಯಾಟ್ ಬೇಕಾದರೆ ನಾಲ್ಕು ವಾಲ್ವ್ ಬೇಕು; ಸಿಕ್ಕ ಚಾಸಿಯಲ್ಲಿ ಔಟ್‌ಪುಟ್ ವಾಲ್ವ್‌ಗಳಿಗೆ ಎರಡೇ ಆಕ್ಟಲ್ (ಎಂಟು ಪಿನ್ನಿನ) ಸಾಕೆಟ್‌ಗಳ ಜಾಗ ಇತ್ತು. ಕಬ್ಬಿಣದ ಮಾತೂ ಅದೇ: 8 ಚದರ ಸೆಂಟಿಮೀಟರ್ ಕೋರ್ 50 ಹರ್ಟ್ಸ್‌ನ ಪವರ್ ಟ್ರಾನ್ಸ್‌ಫಾರ್ಮರ್ ಆಗಿದ್ದರೂ ರೂಢಿಯ ಲೆಕ್ಕದಲ್ಲಿ 45 ವ್ಯಾಟ್ ಮೀರುವುದಿಲ್ಲ. ಸೆಕೆಂಡರಿಯ ಮೊದಲ ಭಾಗದ ತಂತಿಯನ್ನು ವೈರ್ ಗೇಜಿನಲ್ಲಿ ಇಟ್ಟು ನೋಡಿದಾಗ 19 ಗೇಜ್, ಅಂದರೆ ಸುಮಾರು 1 ಮಿಲಿಮೀಟರ್. 4 ಓಮ್‌ನಲ್ಲಿ 30 ವ್ಯಾಟ್ ಎಂದರೆ 2.7 ಆಂಪಿಯರ್, ಈ ತಂತಿಗೆ ಅದು ನೆಮ್ಮದಿಯ ಹೊರೆ. 2 ಓಮ್‌ನಲ್ಲಿ 60 ವ್ಯಾಟ್ ಎಂದರೆ 5.5 ಆಂಪಿಯರ್, ಯಾವ ರಿವೈಂಡಿಂಗ್ ಅಂಗಡಿಯವರೂ 19 ಗೇಜಿಗೆ ಅಷ್ಟು ಹೊರಿಸುವುದಿಲ್ಲ. ಚಾಸಿ, ಕಬ್ಬಿಣ, ತಾಮ್ರ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸಿದ ಮೇಲೆ ಸಂಶಯಕ್ಕೆ ಎಡೆ ಇಲ್ಲ: 30 ವ್ಯಾಟ್, 6600 ಓಮ್, 6ಎಲ್6 ಜೋಡಿ ಅಥವಾ ಅದರ ಸಮಾನದ್ದು.

ಲೆಕ್ಕವನ್ನು ನಿಜವಾದ ಲೋಡಿನಿಂದ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು. 8 ಓಮ್ ಟ್ಯಾಪಿಂಗಿಗೆ 8 ಓಮ್‌ನ ತಂತಿ ಸುತ್ತಿದ ರೆಸಿಸ್ಟರ್ ಕಟ್ಟಿ, ಪ್ರೈಮರಿಯ ಜೊತೆ ಸರಣಿಯಲ್ಲಿ 10 ಸಾವಿರ ಓಮ್‌ನ ಪಾಟ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಇಟ್ಟು, ಸಿಗ್ನಲ್ ಜನರೇಟರ್‌ನಿಂದ 400 ಹರ್ಟ್ಸ್ ಕೊಟ್ಟು, ಪಾಟ್ ಮತ್ತು ಪ್ರೈಮರಿಯ ಮೇಲಿನ ವೋಲ್ಟೇಜುಗಳು ಸಮ ಆಗುವವರೆಗೆ ತಿರುಗಿಸಬೇಕು. ಆಗ ಪಾಟಿನ ಓಮ್ ಎಷ್ಟೋ ಪ್ರೈಮರಿಗೆ ಕಾಣುವ ಓಮ್ ಅಷ್ಟು. ನನಗೆ ಬಂದದ್ದು 7100. ಇದು ತಪ್ಪಲ್ಲ. 6600ರ ಜೊತೆಗೆ ಪ್ರೈಮರಿ ತಂತಿಯ 252 ಓಮ್ ಸೇರುತ್ತದೆ, ಸೆಕೆಂಡರಿ ತಂತಿಯ 0.3 ಓಮ್ ಅನುಪಾತದ ವರ್ಗದಿಂದ ಗುಣಿಸಿಕೊಂಡು ಇನ್ನೊಂದು 250 ಆಗಿ ಸೇರುತ್ತದೆ. ಈ 500 ಓಮ್‌ನಲ್ಲಿ ಖರ್ಚಾಗುವುದು ಶಾಖವಾಗಿ ಹೋಗುವ ಭಾಗ, ಶೇಕಡಾ 7ರಷ್ಟು. ಸುತ್ತುಗಳ ನಡುವೆ ಎಲ್ಲಿಯಾದರೂ ಶಾರ್ಟ್ ಇದ್ದಿದ್ದರೆ ಈ ಅಂಕಿ 7100 ಬಿಟ್ಟು ಎಲ್ಲೋ ಕೆಳಗೆ ಬೀಳುತ್ತಿತ್ತು, ಲೋಡ್ ತೆಗೆದರೂ ಏರುತ್ತಿರಲಿಲ್ಲ.

ಇಂಪಿಡೆನ್ಸ್ ಗೊತ್ತಾದ ಮಾತ್ರಕ್ಕೆ ಟ್ರಾನ್ಸ್‌ಫಾರ್ಮರ್ ಹಾಡಿಗೆ ಯೋಗ್ಯ ಎಂದಾಗದು, ಕೆಳಗಿನ ಸ್ವರಗಳನ್ನು ಅದು ಎಲ್ಲಿಯವರೆಗೆ ದಾಟಿಸುತ್ತದೆ ಎಂಬುದನ್ನೂ ನೋಡಬೇಕು. ಸೆಕೆಂಡರಿ ತೆರೆದಿಟ್ಟು ಪ್ರೈಮರಿಗೆ 24.6 ವೋಲ್ಟ್ ಕೊಟ್ಟಾಗ 100 ಓಮ್ ಸರಣಿ ರೆಸಿಸ್ಟರ್‌ನ ಮೇಲೆ 0.39 ವೋಲ್ಟ್ ಬಂತು. 3.9 ಮಿಲಿ ಆಂಪಿಯರ್ ಎಂದರೆ 50 ಹರ್ಟ್ಸ್‌ನಲ್ಲಿ ಪ್ರೈಮರಿಯ ಇಂಡಕ್ಟೆನ್ಸ್ 20 ಹೆನ್ರಿ. ಇಂಡಕ್ಟೆನ್ಸನ್ನು ನೇರವಾಗಿ ಅಳೆಯುವ ಎಲ್‌ಸಿಆರ್ ಮೀಟರ್ 1000 ಹರ್ಟ್ಸ್‌ನಲ್ಲಿ, ಅತಿ ಸಣ್ಣ ವೋಲ್ಟೇಜಿನಲ್ಲಿ ಹೇಳುವ ಅಂಕಿಯನ್ನು ಇಲ್ಲಿ ನಂಬಬಾರದು, ಕಬ್ಬಿಣದ ಗುಣ ಅಲ್ಲಿ ಬೇರೆಯೇ ಇರುತ್ತದೆ. 20 ಹೆನ್ರಿ ಮತ್ತು 6600 ಓಮ್ ಸೇರಿದರೆ 52 ಹರ್ಟ್ಸ್ ಬಳಿ ಧ್ವನಿ ಅರ್ಧ ಶಕ್ತಿಗೆ ಇಳಿಯುತ್ತದೆ. ಗೆಳೆಯನ ಡಿಮರ್‌ಸ್ಟ್ಯಾಟ್ (ತಿರುಗಿಸಿ ವೋಲ್ಟೇಜ್ ಏರಿಳಿಸುವ ಸಾಧನ) ಲೈನಿನಿಂದ ಬೇರ್ಪಡಿಸುವುದಿಲ್ಲವಾದ್ದರಿಂದ ಅದರ ಹಿಂದೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಟ್ಟು, ನಿಧಾನವಾಗಿ 230 ವೋಲ್ಟ್‌ವರೆಗೆ ಏರಿಸಿದೆವು. ಪ್ರವಾಹ ಎಲ್ಲಿಯೂ ಒಮ್ಮೆಲೆ ನೆಗೆಯಲಿಲ್ಲ. 50 ಹರ್ಟ್ಸ್‌ನ 230 ವೋಲ್ಟ್ ಕಬ್ಬಿಣದ ಮೇಲೆ ಹೇರುವ ಹೊರೆಯೂ 97 ಹರ್ಟ್ಸ್‌ನ 445 ವೋಲ್ಟ್ ಹೇರುವ ಹೊರೆಯೂ ಒಂದೇ; ಆದ್ದರಿಂದ ಅಲ್ಲಿಯವರೆಗೆ ಪೂರ್ಣ 30 ವ್ಯಾಟ್ ನಿರಾತಂಕ, ಅದರ ಕೆಳಗೆ ಶಕ್ತಿ ಕಡಿಮೆ ಇಟ್ಟುಕೊಳ್ಳಬೇಕು.

ಈ ಅಂಕಿಗಳು ಬಾಸ್ ಗಿಟಾರಿಗೆ ಸಾಲವು. ನಮ್ಮ ಕಡೆಯ ಸಂಗೀತಕ್ಕೆ ಸಾಕು ಎಂದು ಧೈರ್ಯದಿಂದ ಹೇಳುತ್ತೇನೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ಮಧ್ಯ ಷಡ್ಜ 138 ಹರ್ಟ್ಸ್‌ನ ಸುತ್ತ, ಮಂದ್ರ ಷಡ್ಜ 69. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವೂ, ಮಲ್ಲಿಕಾರ್ಜುನ ಮನ್ಸೂರ ಅವರ ತಾನುಗಳೂ, ಹಿಂದೆ ಕೇಳುವ ತಂಬೂರಿಯ ಖರಜವೂ ಈ ಕಬ್ಬಿಣದ ಮಿತಿಯೊಳಗೇ ಇವೆ. ಮನೆಯಲ್ಲಿ ಕೇಳಲು 30 ವ್ಯಾಟ್ ಯಾರಿಗೂ ಬೇಡ. 2-3 ವ್ಯಾಟಿನಲ್ಲಿ ಈ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ವರೆಗೂ ಸ್ವಚ್ಛವಾಗಿ ನುಡಿಯುತ್ತದೆ.

ಜೋಡಿಸುವಾಗ ಎರಡು ಎಚ್ಚರಿಕೆ ಬೇಕು. ಬಳಸದ 100 ವೋಲ್ಟ್ ತಂತಿಯನ್ನು ಹಾಗೇ ಬಿಡದೆ ಎಂಪೈರ್ ಬಟ್ಟೆ (ವಾರ್ನಿಷ್ ಹಚ್ಚಿದ ನಿರೋಧಕ ಬಟ್ಟೆ) ಸುತ್ತಿ, ಮೇಲೆ ಸ್ಲೀವ್ ಏರಿಸಿ ಚಾಸಿಗೆ ತಾಗದಂತೆ ಕಟ್ಟಬೇಕು. ದೊಡ್ಡ ದನಿಯಲ್ಲಿ ಹಾಡುವಾಗ ಅದರಲ್ಲಿ ನಿಜಕ್ಕೂ 100 ವೋಲ್ಟ್ ಇರುತ್ತದೆ. ಇನ್ನು, ಸ್ಪೀಕರ್ ತಂತಿ ಕಳಚಿಕೊಂಡ ಹೊತ್ತಿನಲ್ಲಿ ಸಿಗ್ನಲ್ ಬಂದರೆ ಆನೋಡಿನ ವೋಲ್ಟೇಜ್ ಹತೋಟಿ ಮೀರಿ ಏರಿ ಹಳೆಯ ಕಾಗದವನ್ನು ಸೀಳಿಬಿಡಬಹುದು; 8 ಓಮ್ ಟ್ಯಾಪಿಂಗ್ ಮತ್ತು ಕಾಮನ್ ನಡುವೆ 150 ಓಮ್, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಕಾಯಂ ಆಗಿ ಬೆಸುಗೆ ಹಾಕಿಟ್ಟರೆ ಆ ಏರಿಕೆಗೆ ತಕ್ಕಮಟ್ಟಿಗೆ ತಡೆ ಬೀಳುತ್ತದೆ, ಸ್ಪೀಕರ್ ಇರುವಾಗ ಅದು ಕುಡಿಯುವ ಶಕ್ತಿಯೂ ನಗಣ್ಯ.